ಕೈ, ಕಾಲು, ಹೆಬ್ಬೆರಳು: ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಅಂಗನಾಮಗಳ ಆಯ್ಕೆಯ ಒಂದು ಚರಿತ್ರೆ

1. ಪ್ರವೇಶ

ಸ್ಪ್ಯಾನಿಷ್ ಕಲಿಯತೊಡಗಿದ ಕನ್ನಡ ವಿದ್ಯಾರ್ಥಿಗಳಿಗೆ ದೇಹದ ಭಾಗಗಳ ಪಾಠವು ಏಕಕಾಲಕ್ಕೆ ಕಷ್ಟವೂ ಸುಲಭವೂ ಆಗಿ ಕಾಣುತ್ತದೆ. ಕನ್ನಡದ 'ಕೈ' ಎಂಬ ಒಂದು ಪದಕ್ಕೆ ಪ್ರತಿಯಾಗಿ ಅವರು 'ಮಾನೊ' ಮತ್ತು 'ಬ್ರಾಸೊ' ಎಂಬ ಎರಡರಲ್ಲಿ ಒಂದನ್ನು ಆಯ್ದುಕೊಳ್ಳಬೇಕು. ಮೊದಲನೆಯದು ಮಣಿಕಟ್ಟಿನಿಂದ ಮುಂದಿನ ಭಾಗ, ಎರಡನೆಯದು ಭುಜದಿಂದ ಮಣಿಕಟ್ಟಿನವರೆಗಿನ ಭಾಗ. 'ಕಾಲು' ಎಂಬುದಕ್ಕೆ 'ಪಿಯೆ' ಮತ್ತು 'ಪಿಯೆರ್ನ' ಎಂಬ ಎರಡು ಪದಗಳಿವೆ. ಆ ಕಾಲು ಪ್ರಾಣಿಯದಾದರೆ 'ಪಾತ' ಎಂಬ ಮೂರನೆಯದು ಬರುತ್ತದೆ. ಮನುಷ್ಯನ ಬೆನ್ನು 'ಎಸ್ಪಾಲ್ದ', ಪ್ರಾಣಿಯ ಬೆನ್ನು 'ಲೋಮೊ'. ಇಷ್ಟು ಕಷ್ಟದ ಭಾಗ. ಬೆರಳಿನ ವಿಷಯಕ್ಕೆ ಬಂದಾಗ ಮಾತ್ರ ಕನ್ನಡಿಗರಿಗೆ ತಮ್ಮ ಮನೆಯ ಅಂಗಳವನ್ನೇ ಕಂಡಂತಾಗುತ್ತದೆ. 'ದೇದೊ' ಎಂಬುದು ಕೈಬೆರಳೂ ಹೌದು, ಕಾಲ್ಬೆರಳೂ ಹೌದು. 'ದೇದೊ ಗೋರ್ದೊ' ಎಂದರೆ ದಪ್ಪ ಬೆರಳು. ನಮ್ಮ ಹೆಬ್ಬೆರಳಿನಂತೆಯೇ ಅದೂ ಕೈಯದೋ ಕಾಲಿನದೋ ಎಂಬುದನ್ನು ಸಂದರ್ಭವೇ ಹೇಳಬೇಕು. 'ಮೆ ದುವೆಲೆ ಲ ಕಬೇಸ' ಎಂಬ ವಾಕ್ಯದಲ್ಲಿ ನೋವುಣ್ಣುವವನು ಚತುರ್ಥಿಯಲ್ಲಿ ನಿಲ್ಲುತ್ತಾನೆ, ತಲೆಗೆ ಷಷ್ಠಿಯ ಹಂಗಿಲ್ಲ. 'ನನಗೆ ತಲೆ ನೋಯುತ್ತದೆ' ಎಂಬ ಕನ್ನಡ ವಾಕ್ಯದ ಅನ್ವಯವೂ ಬಹುಮಟ್ಟಿಗೆ ಇದೇ.

ತರಗತಿಯಲ್ಲಿ 'ಮಾನೊ' ಎನ್ನಬೇಕಾದಲ್ಲಿ 'ಬ್ರಾಸೊ' ಎಂದರೆ ಹೋಗುವುದು ಒಂದು ಅಂಕ. ಅಂಗನಾಮದ ಆಯ್ಕೆಗೆ ಅದಕ್ಕಿಂತ ದೊಡ್ಡ ಬೆಲೆಯಿದ್ದ ಪ್ರದೇಶವೊಂದು ನಮ್ಮ ನಾಡಿನಲ್ಲಿಯೇ ಇದೆ. ನೂರಿಪ್ಪತ್ತು ವರ್ಷ ಆಳದ ಗಣಿಗಾರಿಕೆ ನಡೆದ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಕೈ, ಕಾಲು, ಕಣ್ಣು, ಬೆರಳುಗಳಿಗೆ ಒಂದು ಪಟ್ಟಿಯಲ್ಲಿ ಶೇಕಡಾವಾರು ಬೆಲೆ ನಿಗದಿಯಾಗಿತ್ತು. ಆ ಪಟ್ಟಿ ಇದ್ದದ್ದು ಇಂಗ್ಲಿಷಿನಲ್ಲಿ. ಗಾಯಗೊಂಡವರು ಮಾತನಾಡುತ್ತಿದ್ದದ್ದು ತಮಿಳು, ತೆಲುಗು, ಕನ್ನಡ, ಉರ್ದುಗಳಲ್ಲಿ. ಪ್ರಸ್ತುತ ಲೇಖನದಲ್ಲಿ ನಾವು ಆ ಪಟ್ಟಿಯ ಎರಡು ಆವೃತ್ತಿಗಳನ್ನು ಈ ಭಾಷೆಗಳ ಅಂಗನಾಮ ವ್ಯವಸ್ಥೆಯೊಡನೆ ಇಟ್ಟು ಓದುತ್ತೇವೆ. ಅರ್ಥದ ಬಿರುಕು ಇದ್ದದ್ದು ಪೇಟೆಯ ಭಾಷೆಗಳ ನಡುವೆ ಅಲ್ಲ, ಆ ಎಲ್ಲ ಭಾಷೆಗಳಿಗೂ ಕಾಗದದ ಭಾಷೆಗೂ ನಡುವೆ ಎಂಬುದು ನಮ್ಮ ವಾದ. ಆದ್ದರಿಂದ ಸರಿಯಾದ ಅಂಗನಾಮವನ್ನು ಆಯ್ದುಕೊಳ್ಳುವುದೆಂದರೆ ಸಮಾನಾರ್ಥಕ ಪದವನ್ನು ಹುಡುಕುವುದಲ್ಲ, ಅಂಗದ ಗಡಿಯನ್ನು ಗುರುತಿಸುವುದು.

2. ಪ್ರದೇಶ ಮತ್ತು ಭಾಷೆಗಳು

ಜಾನ್ ಟೇಲರ್ ಅಂಡ್ ಸನ್ಸ್ ಸಂಸ್ಥೆಯು 1880ರಲ್ಲಿ ಇಲ್ಲಿಗೆ ಬಂದ ಮೇಲೆ ಮೈಸೂರು, ಚಾಂಪಿಯನ್ ರೀಫ್, ಉರಿಗಾಂ, ನಂದಿದುರ್ಗ ಮುಂತಾದ ಹೆಸರಿನ ಗಣಿಗಳು ಬೆಳೆದವು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ತು ಬಂದಿತು. ಚಾಂಪಿಯನ್ ರೀಫ್ ಗಣಿಯು ಮುಂದೆ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿಯಿತು. ಅಷ್ಟು ಆಳದಲ್ಲಿ ಬಂಡೆಯೊಳಗಿನ ಒತ್ತಡ ಸಿಡಿದು ಆಗುವ ಸ್ಫೋಟಗಳು ಈ ಗಣಿಗಳ ನಿತ್ಯದ ಭಯವಾಗಿದ್ದವು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ, 1962ರಲ್ಲಿ ಕೇಂದ್ರ ಸರ್ಕಾರದ ವಶಕ್ಕೆ ಬಂದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ರೂಪುಗೊಂಡಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು.

ಗಣಿ ಕಾರ್ಮಿಕರಲ್ಲಿ ಬಹುಸಂಖ್ಯಾತರು ಉತ್ತರ ಆರ್ಕಾಟು ಮೊದಲಾದ ಕಡೆಗಳಿಂದ ಬಂದ ತಮಿಳರು, ಅವರಲ್ಲಿಯೂ ಬಹುಪಾಲು ಆದಿದ್ರಾವಿಡರು. ಚಿತ್ತೂರಿನ ಕಡೆಯಿಂದ ತೆಲುಗರು ಬಂದರು. ಸುತ್ತಲಿನ ಹಳ್ಳಿಗಳಲ್ಲಿ ಕನ್ನಡ ಮತ್ತು ತೆಲುಗು, ಪೇಟೆಯಲ್ಲಿ ಉರ್ದು, ಗಣಿಯ ಕಚೇರಿಯಲ್ಲಿ ಇಂಗ್ಲಿಷ್ ಇದ್ದವು. ಗಣಿ ಕಾಲನಿಗಳ ಪಕ್ಕದಲ್ಲಿ ಯೋಜನಾಬದ್ಧವಾಗಿ ಬೆಳೆದ ರಾಬರ್ಟ್‌ಸನ್‌ಪೇಟೆಯಲ್ಲಿ ಈ ಎಲ್ಲ ಭಾಷೆಗಳೂ ಒಂದೇ ಬೀದಿಯಲ್ಲಿ ವ್ಯವಹಾರ ನಡೆಸುತ್ತಿದ್ದವು, ಇಂದಿಗೂ ನಡೆಸುತ್ತಿವೆ. ಬಂಗಾರಪೇಟೆಯಲ್ಲಿ ರೈಲು ಬದಲಿಸಿ ಮಾರಿಕುಪ್ಪಂ ಕಡೆಗೆ ಹೊರಟವರು ಆ ಚಿಕ್ಕ ದಾರಿಯಲ್ಲಿಯೇ ನಾಲ್ಕು ಭಾಷೆಗಳನ್ನು ಕೇಳಬಹುದು. ಈ ಕಾರ್ಮಿಕ ಸಮುದಾಯದ ಸಾಮಾಜಿಕ ಚರಿತ್ರೆಯನ್ನು ಜಾನಕಿ ನಾಯರ್ ಅವರ 1998ರ ಕೃತಿಯು ವಿಸ್ತಾರವಾಗಿ ಶೋಧಿಸಿದೆ. ನಮ್ಮ ಪ್ರಶ್ನೆ ಅದಕ್ಕಿಂತ ಕಿರಿದು: ಈ ಬೀದಿಯ ಭಾಷೆಗಳು ದೇಹವನ್ನು ಎಲ್ಲಿ ವಿಂಗಡಿಸುತ್ತವೆ?

3. ನಾಲ್ಕು ಭಾಷೆಗಳು, ಒಂದೇ ಗಡಿ

ಕನ್ನಡದ 'ಕೈ', ತಮಿಳಿನ 'ಕೈ', ತೆಲುಗಿನ 'ಚೇಯಿ' ಒಂದೇ ಮೂಲದವು. ತೆಲುಗಿನಲ್ಲಿ ಮೊದಲ ಕಕಾರವು ತಾಲವ್ಯವಾಗಿದೆ. 'ಕಾಲು', 'ಕಾಲ್', 'ಕಾಲು' ಎಂಬಲ್ಲಿ ಭೇದವೇ ಇಲ್ಲ. 'ಬೆರಳು', 'ವಿರಲ್', 'ವೇಲು' ಎಂಬವು ಮತ್ತೊಂದು ಮೂಲದ ಕವಲುಗಳು. ಪದಾದಿಯ ವಕಾರವು ಕನ್ನಡದಲ್ಲಿ ಬಕಾರವಾಗಿರುವುದು ವಿದ್ಯಾರ್ಥಿಗಳಿಗೆ ಪರಿಚಿತವಾದ ಧ್ವನಿನಿಯಮ. ಇವೆಲ್ಲ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ಕೋಶದಲ್ಲಿ ದಾಖಲಾದ ಸಂಗತಿಗಳು. ಪದಗಳಂತೆ ಗಡಿಗಳೂ ಈ ಭಾಷೆಗಳಿಗೆ ಸಮಾನವಾಗಿವೆ. ಮೂರೂ ಭಾಷೆಗಳಲ್ಲಿ ದಿನಬಳಕೆಯ 'ಕೈ' ಭುಜದಿಂದ ಬೆರಳ ತುದಿಯವರೆಗೂ ಚಾಚಬಲ್ಲದು. 'ಕಾಲು' ತೊಡೆಯಿಂದ ಪಾದದವರೆಗೂ ಚಾಚಬಲ್ಲದು. 'ಬೆರಳು' ಕೈಗೂ ಕಾಲಿಗೂ ಸಲ್ಲುತ್ತದೆ. ಬೇರೆ ಕುಟುಂಬದ ಉರ್ದುವಿನಲ್ಲಿಯೂ ಮಾತಿನ ಬಳಕೆಯ 'ಹಾಥ್' ತೋಳನ್ನು ಒಳಗೊಳ್ಳಬಲ್ಲದು. 'ಉಂಗ್ಲಿ' ಮತ್ತು 'ಅಂಗೂಠಾ' ಕೈಕಾಲುಗಳೆರಡಕ್ಕೂ ಅನ್ವಯಿಸುತ್ತವೆ.

ಇದು ವಿರಳವಾದ ವ್ಯವಸ್ಥೆಯೇನಲ್ಲ. ಸೆಸಿಲ್ ಬ್ರೌನ್ ಅವರು ಭಾಷಾರಚನೆಗಳ ಜಾಗತಿಕ ಭೂಪಟಕ್ಕಾಗಿ ಪರಿಶೀಲಿಸಿದ 617 ಭಾಷೆಗಳಲ್ಲಿ 228 ಭಾಷೆಗಳು ಹಸ್ತಕ್ಕೂ ತೋಳಿಗೂ ಒಂದೇ ಪದವನ್ನು ಬಳಸುತ್ತವೆ, 389 ಭಾಷೆಗಳು ಬೇರೆ ಬೇರೆ ಪದಗಳನ್ನು ಬಳಸುತ್ತವೆ. ಇಂಗ್ಲಿಷೂ ಸ್ಪ್ಯಾನಿಷೂ ಎರಡನೆಯ ಗುಂಪಿನವು. ಆದರೆ ಬೆರಳಿನ ವಿಷಯದಲ್ಲಿ ಸ್ಪ್ಯಾನಿಷ್ ಇಂಗ್ಲಿಷನ್ನು ಬಿಟ್ಟು ನಮ್ಮ ಕಡೆಗೆ ಬರುತ್ತದೆ. ಇಂಗ್ಲಿಷ್ ಮಾತ್ರ ಕೈಬೆರಳಿಗೆ 'ಫಿಂಗರ್', ಕಾಲ್ಬೆರಳಿಗೆ 'ಟೋ' ಎಂದು ಸಂಬಂಧವಿಲ್ಲದ ಎರಡು ಪದಗಳನ್ನು ಇಟ್ಟುಕೊಂಡಿದೆ. ಕೈಯ ಹೆಬ್ಬೆರಳಿಗೆ 'ಥಂಬ್' ಎಂಬ ಇನ್ನೊಂದು ಪದವನ್ನಿಟ್ಟು, ಅದನ್ನು 'ಫಿಂಗರ್' ಎಂದು ಎಣಿಸಬೇಕೋ ಬೇಡವೋ ಎಂಬುದನ್ನು ಅನಿಶ್ಚಿತವಾಗಿ ಬಿಟ್ಟಿದೆ. 'ಐದು ಬೆರಳೂ ಸಮನಾಗಿರುವುದಿಲ್ಲ' ಎನ್ನುವ ಕನ್ನಡಿಗರಿಗೆ ಈ ಅನಿಶ್ಚಿತತೆ ಇಲ್ಲ. ಹೆಬ್ಬೆರಳು ಹಿರಿದಾದ ಬೆರಳು, ಆದ್ದರಿಂದ ಬೆರಳೇ. ಹಿರಿದು ಎಂಬರ್ಥದ 'ಪೆರ್' ವಿಶೇಷಣದ ಪಕಾರ ಹಕಾರವಾಗಿ ಈ ರೂಪ ಬಂದಿದೆ. ತಮಿಳಿನ 'ಪೆರುವಿರಲ್' ಇದರ ಸೋದರ ಪದ. ತಮಿಳಿನ ಆಡುನುಡಿಯ 'ಕಟ್ಟೈ ವಿರಲ್', ತೆಲುಗಿನ 'ಬೊಟನವೇಲು' ರೂಪದಲ್ಲಿ ಬೇರೆಯಾದರೂ ಗಡಿಯಲ್ಲಿ ಬೇರೆಯಲ್ಲ.

ಇದರಿಂದ ಒಂದು ತೀರ್ಮಾನ ಹೊರಡುತ್ತದೆ. ಗಾಯಗೊಂಡವನ ತಮಿಳನ್ನು ಕನ್ನಡಕ್ಕೋ ತೆಲುಗಿಗೋ ಉರ್ದುವಿಗೋ ತಂದವರು ಗಡಿಯ ವಿಷಯದಲ್ಲಿ ಏನನ್ನೂ ನಿರ್ಧರಿಸಬೇಕಾಗಿರಲಿಲ್ಲ. ಪದ ಬದಲಾಗುತ್ತಿತ್ತು, ಗಡಿ ಹಾಗೆಯೇ ಉಳಿಯುತ್ತಿತ್ತು. ಅದೇ ಮಾತನ್ನು ಇಂಗ್ಲಿಷಿಗೆ ತರುವಾಗ ಮಾತ್ರ ಪ್ರತಿ ಪದದಲ್ಲಿಯೂ ನಿರ್ಧಾರ ಅನಿವಾರ್ಯವಾಗುತ್ತಿತ್ತು. ಬಹುಭಾಷಾ ಪ್ರದೇಶಗಳಲ್ಲಿ ತೊಡಕು ಭಾಷೆಗಳ ಸಂಖ್ಯೆಯಿಂದ ಹುಟ್ಟುತ್ತದೆಂಬ ಸಾಮಾನ್ಯ ಊಹೆಯನ್ನು ಈ ನಿದರ್ಶನ ಸಮರ್ಥಿಸುವುದಿಲ್ಲ.

4. 1923ರ ಪಟ್ಟಿ

ಕಾರ್ಮಿಕರ ಪರಿಹಾರ ಕಾಯಿದೆಯು 1923ರಲ್ಲಿ ಬ್ರಿಟಿಷ್ ಇಂಡಿಯಾಕ್ಕಾಗಿ ರೂಪುಗೊಂಡಿತು. ಸಂಸ್ಥಾನಗಳು ಭಾರತದಲ್ಲಿ ಸೇರಿದ ಬಳಿಕ ಮೈಸೂರಿನ ಪ್ರದೇಶಕ್ಕೂ ಅದೇ ಕಾಯಿದೆ ಬಂದಿತು. ಅದರ ಮೊದಲನೆಯ ಅನುಸೂಚಿಯು ಅಂಗಗಳ ಪಟ್ಟಿ. ಒಂದೊಂದು ಅಂಗನಷ್ಟದ ಎದುರಿಗೂ ಗಳಿಕೆಯ ಸಾಮರ್ಥ್ಯದಲ್ಲಿ ಎಷ್ಟು ಶೇಕಡ ಕಡಿಮೆಯಾಯಿತೆಂಬ ಅಂಕಿ ಇದೆ. ಪೂರ್ಣ ಅಶಕ್ತತೆಗೆ ಸಲ್ಲುವ ಮೊತ್ತದಲ್ಲಿ ಅಷ್ಟು ಶೇಕಡವೇ ಪರಿಹಾರವಾಗಿ ಸಲ್ಲುವುದರಿಂದ, ಅಂಗನಾಮವು ನೇರವಾಗಿ ಹಣವಾಗಿ ಪರಿವರ್ತನೆಯಾಗುತ್ತದೆ.

ಮೂಲ ಪಟ್ಟಿಯ ಅಂಕಿಗಳು ಹೀಗಿವೆ. ಬಲತೋಳು ಮೊಣಕೈಯಲ್ಲಿ ಅಥವಾ ಅದರ ಮೇಲೆ ಹೋದರೆ 70; ಎಡತೋಳು ಹಾಗೆ ಹೋದರೆ 60. ಬಲತೋಳು ಮೊಣಕೈಯ ಕೆಳಗೆ ಹೋದರೆ 60. ಎಡತೋಳು ಹಾಗೆ ಹೋದರೆ 50. ಕಾಲು ಮಂಡಿಯಲ್ಲಿ ಅಥವಾ ಮೇಲೆ ಹೋದರೆ 60, ಮಂಡಿಯ ಕೆಳಗೆ ಹೋದರೆ 50. ಒಂದು ಕಣ್ಣು 30. ಕೈಯ ಹೆಬ್ಬೆರಳು 25. ಒಂದು ಪಾದದ ಎಲ್ಲ ಬೆರಳುಗಳು 20. ತೋರುಬೆರಳು 10. ಕಾಲಿನ ಹೆಬ್ಬೆರಳು 10. ತೋರುಬೆರಳಲ್ಲದ ಬೇರೆ ಯಾವುದೇ ಕೈಬೆರಳು 5.

ಈ ಪಟ್ಟಿಯನ್ನು ಕನ್ನಡದ ಕಿವಿಯಿಂದ ಓದಿದಾಗ ಮೂರು ಕಡೆ ತಡೆಯುಂಟಾಗುತ್ತದೆ. ಮೊದಲನೆಯದು ಹೆಬ್ಬೆರಳು. 'ಹೆಬ್ಬೆರಳು ಹೋಯಿತು' ಎಂಬ ವಾಕ್ಯಕ್ಕೆ ಪಟ್ಟಿಯಲ್ಲಿ ಎರಡು ಬೆಲೆಗಳಿವೆ: 25 ಮತ್ತು 10. ಗಾಯಗೊಂಡವನು ಎದುರಿಗಿದ್ದಾಗ ಕಣ್ಣೇ ಅನುಮಾನವನ್ನು ಬಗೆಹರಿಸುತ್ತದೆ. ಆದರೆ ಅವನ ಮಾತನ್ನು ಬರೆದುಕೊಂಡ ಕಾಗದ ಮಾತ್ರ ಮುಂದಿನ ಮೇಜಿಗೆ ಹೋಗುವಲ್ಲಿ, 'ಕೈಯ' ಅಥವಾ 'ಕಾಲಿನ' ಎಂಬ ಒಂದು ವಿಶೇಷಣದ ಮೇಲೆ ಎರಡೂವರೆ ಪಟ್ಟು ವ್ಯತ್ಯಾಸ ನಿಂತಿದೆ.

ಎರಡನೆಯದು ಬೆರಳಿನ ಎಣಿಕೆ. 'ತೋರುಬೆರಳಲ್ಲದ ಬೇರೆ ಯಾವುದೇ ಬೆರಳು' ಎಂದು ಕನ್ನಡದಲ್ಲಿ ಬರೆದರೆ ಹೆಬ್ಬೆರಳೂ ಅದರೊಳಗೆ ಸೇರಿಬಿಡುತ್ತದೆ, 25 ಇರಬೇಕಾದಲ್ಲಿ 5 ಆಗಿಬಿಡುತ್ತದೆ. ಕಾಯಿದೆಯ ಉದ್ದೇಶವನ್ನು ಉಳಿಸಬೇಕಾದರೆ 'ಕೈಯ ಹೆಬ್ಬೆರಳು ಮತ್ತು ತೋರುಬೆರಳುಗಳನ್ನುಳಿದ ಯಾವುದೇ ಕೈಬೆರಳು' ಎಂದು ಬಿಡಿಸಿ ಬರೆಯಬೇಕು. ಪದಕ್ಕೆ ಪದ ಇಟ್ಟ ಅನುವಾದವು ಇಲ್ಲಿ ತಪ್ಪಾದ ಅನುವಾದ.

ಮೂರನೆಯದು ಬಲ ಮತ್ತು ಎಡ. 1923ರ ಪಟ್ಟಿಯು ಬಲತೋಳಿಗೆ ಹೆಚ್ಚು ಬೆಲೆ ಕೊಟ್ಟಿತು. ಎಲ್ಲರೂ ಬಲಗೈಯಿಂದಲೇ ದುಡಿಯುತ್ತಾರೆಂಬುದು ಅದರ ಹಿಂದಿನ ಊಹೆ. ತಮಿಳಿನ ಆಡುನುಡಿಯು ಕೈಗಳನ್ನು ದಿಕ್ಕಿನಿಂದ ಮಾತ್ರವಲ್ಲದೆ ಬಳಕೆಯಿಂದಲೂ ಹೆಸರಿಸುತ್ತದೆ: ಬಲಗೈ 'ಸೋತ್ತಾಂಕೈ', ಅನ್ನದ ಕೈ, ಎಡಗೈ 'ಪೀಚ್ಚಾಂಕೈ', ಶೌಚದ ಕೈ. ಎಡಚನಾದ ಕಾರ್ಮಿಕನಿಗೂ ಅನ್ನದ ಕೈ ಬಲಗೈಯೇ, ಆದರೆ ಸುತ್ತಿಗೆಯ ಕೈ ಎಡಗೈ. ಕಾಯಿದೆಯು ಅಳೆಯಬಯಸಿದ್ದು ದುಡಿಯುವ ಕೈಯನ್ನು. ಅದು ಕೊಟ್ಟ ಹೆಸರು ದಿಕ್ಕಿನದು. ಇಂಗ್ಲಿಷ್ ಪಠ್ಯವು ಇಲ್ಲಿ ತನ್ನ ಉದ್ದೇಶಕ್ಕೆ ತಕ್ಕ ಹೆಸರನ್ನು ತಾನೇ ಆಯ್ದುಕೊಳ್ಳಲಿಲ್ಲ ಎನ್ನಬೇಕಾಗುತ್ತದೆ. ತಪ್ಪಾದ ಅಂಗನಾಮ ಅನುವಾದದಲ್ಲಿ ಮಾತ್ರ ಹುಟ್ಟುತ್ತದೆಂದು ತಿಳಿಯಬೇಕಾಗಿಲ್ಲ.

5. ಪದದಿಂದ ಎಲುಬಿಗೆ: 1962ರ ತಿದ್ದುಪಡಿ

1962ರ ತಿದ್ದುಪಡಿಯು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಾಗ ಮೊದಲನೆಯ ಅನುಸೂಚಿಯ ಭಾಷೆಯೇ ಬದಲಾಯಿತು. ಬಲ ಎಡಗಳ ಭೇದ ಹೋಯಿತು. 'ಮೊಣಕೈಯ ಕೆಳಗೆ' ಎಂಬಂಥ ಮಾತಿನ ಜಾಗದಲ್ಲಿ ಭುಜದ ಮೂಳೆಯ ತುದಿಯಿಂದ 8 ಅಂಗುಲ, ಮೊಣಕೈ ಮೂಳೆಯ ತುದಿಯಿಂದ ನಾಲ್ಕೂವರೆ ಅಂಗುಲ ಎಂಬ ಅಳತೆಗಳು ಬಂದವು. ಭುಜದ ಕೀಲಿನಲ್ಲಿಯೇ ಛೇದವಾದರೆ 90. ಭುಜದ ಕೆಳಗೆ ಉಳಿದ ಮೋಟು 8 ಅಂಗುಲಕ್ಕಿಂತ ಕಡಿಮೆಯಿದ್ದರೆ 80. ಅಲ್ಲಿಂದ ಮೊಣಕೈ ತುದಿಯ ಕೆಳಗಿನ ನಾಲ್ಕೂವರೆ ಅಂಗುಲದೊಳಗಾದರೆ 70. ಹಸ್ತ ಹೋದರೆ ಅಥವಾ ಹೆಬ್ಬೆರಳೂ ನಾಲ್ಕು ಬೆರಳುಗಳೂ ಹೋದರೆ 60. ಕೈಯ ಹೆಬ್ಬೆರಳು 30ಕ್ಕೆ ಏರಿತು, ಕಾಲಿನ ಹೆಬ್ಬೆರಳು ಬುಡದ ಕೀಲಿನಲ್ಲಿ ಹೋದರೆ 14 ಆಯಿತು. ತೋರುಬೆರಳು ಪೂರ್ತಿ 14, ನಡುಬೆರಳು 12, ಉಂಗುರಬೆರಳು ಅಥವಾ ಕಿರುಬೆರಳು 7. ಪ್ರತಿ ಬೆರಳಿಗೂ ಎಷ್ಟು ಎಲುಬು ಹೋಯಿತೆಂಬ ಉಪವಿಭಾಗಗಳು ಬಂದವು.

ಭಾಷಾಚರಿತ್ರೆಯ ದೃಷ್ಟಿಯಿಂದ ಇದು ಮುಖ್ಯವಾದ ಹೆಜ್ಜೆ. ಇಂಗ್ಲಿಷಿನ ದಿನಬಳಕೆಯ ಅಂಗನಾಮವೂ ಸಾಲದೆಂದು ಕಾಯಿದೆಯೇ ಒಪ್ಪಿಕೊಂಡಂತಾಯಿತು. ಪದವನ್ನು ನಂಬದೆ ಎಲುಬನ್ನು ನಂಬಿತು. 'ಮೊಣಕೈ' ಎಂಬ ಪದವನ್ನು ನೋಡಿದರೆ ಈ ಅಪನಂಬಿಕೆಗೆ ಕಾರಣವಿರುವುದು ತಿಳಿಯುತ್ತದೆ. ಮೊಣಕೈಯು ಮೊಳಕೈ, ಮೊಳವೆಂದರೆ ಮೊಣಕೈಯಿಂದ ಬೆರಳ ತುದಿಯವರೆಗಿನ ಉದ್ದ. ತಮಿಳಿನ 'ಮುೞಂಕೈ' ಕೀಲನ್ನೂ ಹೇಳಬಲ್ಲದು, ಕೀಲಿನಿಂದ ಮುಂದಿನ ಭಾಗವನ್ನೂ ಹೇಳಬಲ್ಲದು. ಕನ್ನಡದ 'ಮುಂಗೈ' ಕೆಲವರಿಗೆ ಮೊಣಕೈಯಿಂದ ಮಣಿಕಟ್ಟಿನವರೆಗಿನ ಭಾಗ, ಕೆಲವರಿಗೆ ಮಣಿಕಟ್ಟಿನಿಂದ ಮುಂದಿನ ಹಸ್ತ. ಕಾಯಿದೆಯ ಗಡಿ ಬೀಳುವುದು ಇವೇ ಜಾಗಗಳಲ್ಲಿ.

ಆದರೆ ಎಲುಬಿನ ಭಾಷೆ ವೈದ್ಯರ ಮೇಜಿನ ಮೇಲಿನದು. ಗಾಯಗೊಂಡವನೂ ಅವನ ಹೆಂಡತಿ ಮಕ್ಕಳೂ ಪದದ ಭಾಷೆಯಲ್ಲಿಯೇ ಉಳಿದರು. ಹೀಗಾಗಿ 1963ರ ನಂತರ ಅಂತರ ಒಂದು ಕಡೆ ಕಡಿಮೆಯಾಗಿ ಇನ್ನೊಂದು ಕಡೆ ಹೆಚ್ಚಿತು. ಮೊದಲ ಪಟ್ಟಿಯನ್ನು ಯಾರಾದರೂ ಕನ್ನಡದಲ್ಲಿ ಓದಿ ಹೇಳಿದ್ದರೆ ಕಾರ್ಮಿಕನು ತನಗೆ ಎಷ್ಟು ಸಲ್ಲಬೇಕೆಂದು ಊಹಿಸಬಹುದಾಗಿತ್ತು. ಎರಡನೆಯದನ್ನು ಓದಿ ಹೇಳಿದರೂ ಅವನು ತನ್ನ ತೋಳನ್ನು ಅಂಗುಲದಲ್ಲಿ ಅಳೆಸಿಕೊಳ್ಳಬೇಕಾಗಿತ್ತು. ನಿಖರತೆ ಹೆಚ್ಚಿದಂತೆ ಗ್ರಾಹ್ಯತೆ ಕುಗ್ಗಿತು.

ಬೆರಳಿನ ಎಲುಬಿನ ವಿಷಯದಲ್ಲಿ ಮಾತ್ರ ಒಂದು ಅಪವಾದವಿದೆ. ಬೆರಳನ್ನು ಗೆಣ್ಣುಗಳಲ್ಲಿ ಎಣಿಸುವ ರೂಢಿ ನಮ್ಮಲ್ಲಿ ಹಳೆಯದು. ಗೆಣ್ಣು ಎಂದರೆ ಕೀಲು; ಆದರೂ ಕೀಲಿನಲ್ಲಿಯೇ ಛೇದವಾದಾಗ, ತುದಿಯಿಂದ ಎಣಿಸಿದರೆ, ಎಷ್ಟು ಗೆಣ್ಣು ಹೋಯಿತೋ ಅಷ್ಟೇ ಎಲುಬು ಹೋಗಿರುತ್ತದೆ. ತೋರುಬೆರಳಿನಲ್ಲಿ ಒಂದು ಗೆಣ್ಣಿಗೆ 9, ಎರಡಕ್ಕೆ 11 ಎಂದರೆ ಕೇಳುವವನಿಗೂ ಅರ್ಥವಾಗುತ್ತದೆ, ಕಾಯಿದೆಗೂ ಭಂಗವಿಲ್ಲ. ಇಂಥ ಕಡೆ ಸಂಸ್ಕೃತದಿಂದ ಹೊಸ ಪಾರಿಭಾಷಿಕವನ್ನು ಕಟ್ಟುವುದು ಅನಾವಶ್ಯಕ.

6. 'ಹೋಯಿತು' ಎಂಬ ಕ್ರಿಯೆ ಮತ್ತು ವಚನ

ಅಂಗನಾಮವು ಒಂಟಿಯಾಗಿ ಬರುವುದಿಲ್ಲ, ಕ್ರಿಯಾಪದದೊಡನೆ ಬರುತ್ತದೆ. 'ಕೈ ಹೋಯಿತು' ಎಂಬ ಕನ್ನಡ ವಾಕ್ಯವು ಕೈ ತುಂಡಾಯಿತು ಎಂದೂ ಹೇಳಬಲ್ಲದು, ಕೈ ಇದ್ದೂ ಕೆಲಸಕ್ಕೆ ಬಾರದಾಯಿತು ಎಂದೂ ಹೇಳಬಲ್ಲದು. ಇಂಗ್ಲಿಷ್ ಪಠ್ಯಕ್ಕೆ ಈ ಎರಡನ್ನು ಒಂದುಗೂಡಿಸಲು ಪ್ರತ್ಯೇಕ ಟಿಪ್ಪಣಿ ಬೇಕಾಯಿತು: ಪಟ್ಟಿಯಲ್ಲಿನ ಅಂಗದ ಬಳಕೆಯನ್ನು ಪೂರ್ತಿಯಾಗಿ, ಶಾಶ್ವತವಾಗಿ ಕಳೆದುಕೊಂಡರೆ ಆ ಅಂಗವನ್ನೇ ಕಳೆದುಕೊಂಡಂತೆ ಎಂಬುದು ಅನುಸೂಚಿಯ ಟಿಪ್ಪಣಿಯ ಸಾರ. ಕಾಯಿದೆಯು ಟಿಪ್ಪಣಿಯಿಂದ ಸಾಧಿಸಿದ್ದನ್ನು ಕನ್ನಡವು ಕ್ರಿಯಾಪದದಲ್ಲಿಯೇ ಇಟ್ಟುಕೊಂಡಿದೆ.

ಕಣ್ಣಿನ ವಿಷಯದಲ್ಲಿ ಇದೇ ಗುಣವು ತೊಡಕಾಗುತ್ತದೆ. 1962ರ ಪಟ್ಟಿಯಲ್ಲಿ, ಇನ್ನೊಂದು ಕಣ್ಣು ಸರಿಯಿದ್ದು ಒಂದು ಕಣ್ಣುಗುಡ್ಡೆಯೇ ಹೋದರೆ 40. ಗುಡ್ಡೆ ವಿಕಾರವಾಗದೆ ಒಂದು ಕಣ್ಣಿನ ದೃಷ್ಟಿ ಮಾತ್ರ ಹೋದರೆ 30. 'ಒಂದು ಕಣ್ಣು ಹೋಯಿತು' ಎಂಬುದು ಎರಡಕ್ಕೂ ಒಪ್ಪುವ ವಾಕ್ಯ. ಇದಕ್ಕಿಂತ ಗಂಭೀರವಾದದ್ದು ವಚನದ ಪ್ರಶ್ನೆ. ಕನ್ನಡದಲ್ಲಿ ನಪುಂಸಕ ನಾಮಗಳಿಗೆ ಬಹುವಚನ ಪ್ರತ್ಯಯ ಕಡ್ಡಾಯವಲ್ಲ. ಜೋಡಿ ಅಂಗಗಳಲ್ಲಿ ಅದು ಬರುವುದೇ ಅಪರೂಪ. 'ಕಾಲು ನೋವು' ಎಂದವರ ಒಂದು ಕಾಲು ನೋಯುತ್ತಿರಬಹುದು, ಎರಡೂ ನೋಯುತ್ತಿರಬಹುದು. 'ಕಣ್ಣು ಕಾಣಿಸುವುದಿಲ್ಲ' ಎಂಬ ವಾಕ್ಯವು ಸಾಮಾನ್ಯವಾಗಿ ಎರಡೂ ಕಣ್ಣುಗಳನ್ನು ಕುರಿತದ್ದು. ಅದನ್ನು ಏಕವಚನವೆಂದು ಓದಿ ಇಂಗ್ಲಿಷಿನಲ್ಲಿ 'ಒಂದು ಕಣ್ಣು' ಎಂದು ಬರೆದರೆ, ಪೂರ್ಣ ಅಶಕ್ತತೆಯ 100 ಆಗಬೇಕಾದದ್ದು 30ಕ್ಕೆ ಇಳಿಯುತ್ತದೆ. ಕೈಕಾಲುಗಳಲ್ಲಿಯೂ ಹೀಗೆಯೇ: ಎರಡು ಹಸ್ತಗಳು ಅಥವಾ ಒಂದು ಹಸ್ತ ಮತ್ತು ಒಂದು ಪಾದ ಹೋದರೆ ಅದು 100ರ ಪಟ್ಟಿಗೆ ಸೇರುತ್ತದೆ. ಸ್ಪ್ಯಾನಿಷ್ ಕ್ರಿಯಾಪದವು 'ದುವೆಲೆ', 'ದುವೆಲೆನ್' ಎಂದು ನೋಯುವ ಅಂಗದ ವಚನವನ್ನು ತಾನೇ ಹೇಳಿಬಿಡುತ್ತದೆ. ಕನ್ನಡದಲ್ಲಿ ಕೇಳಿ ತಿಳಿಯಬೇಕು. 'ಒಂದೋ ಎರಡೋ?' ಎಂದು ಕೇಳುವುದು ಇಲ್ಲಿ ಭಾಷೆಯೇ ವಿಧಿಸಿದ ಕರ್ತವ್ಯ.

ಹೆಬ್ಬೆಟ್ಟಿನ ವಿಷಯದಲ್ಲಿ ಚರಿತ್ರೆಯು ಇನ್ನೊಂದು ಅರ್ಥವನ್ನು ಸೇರಿಸಿದೆ. ಹೆಬ್ಬೆರಳಿನ ಪರ್ಯಾಯವಾದ 'ಹೆಬ್ಬೆಟ್ಟು' ಅಂಗದ ಹೆಸರು. ಜೊತೆಗೆ ಸಹಿಯ ಬದಲಿನ ಗುರುತು, ಓದುಬರಹ ಬಾರದವರಿಗೆ ಅಂಟಿದ ಹೆಸರೂ ಹೌದು. 1930ರಲ್ಲಿ ಈ ಗಣಿಗಳ ಕಾರ್ಮಿಕರು ಬೆರಳಚ್ಚು ತೆಗೆದುಕೊಳ್ಳುವ ನೋಂದಣಿ ಪದ್ಧತಿಯನ್ನು ವಿರೋಧಿಸಿ ಮುಷ್ಕರ ಹೂಡಿದ್ದರು. ಬರೆಯಲಾರದ ಕಾರ್ಮಿಕನಿಗೆ ಬೆರಳು ದುಡಿಮೆಯ ಸಾಧನವೂ ಹೌದು, ಕಾಗದದ ಮೇಲೆ ಅವನು ಇದ್ದಾನೆಂಬುದರ ಸಾಕ್ಷಿಯೂ ಹೌದು. ಆ ಬೆರಳು ಹೋದವನಿಗೆ ಪರಿಹಾರದ ಅರ್ಜಿಗೆ ಒತ್ತಲು ಇನ್ನೊಂದು ಹೆಬ್ಬೆಟ್ಟು ಬೇಕಾಗುತ್ತದೆ.

7. ಎದೆಯೊಳಗಿನ ಅಂಗ

ಈವರೆಗೆ ನೋಡಿದ ಅಂಗಗಳು ಕಣ್ಣಿಗೆ ಕಾಣುವವು, ಬೆರಳು ತೋರಿಸಿ ಹೇಳಬಹುದಾದವು. ಗಣಿಯ ಅತಿ ದೊಡ್ಡ ಹಾನಿ ಆದದ್ದು ತೋರಿಸಲಾಗದ ಅಂಗಕ್ಕೆ. ಬಂಡೆ ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಸೇರಿ ಗಂಟುಗಟ್ಟುವ ಸಿಲಿಕೋಸಿಸ್ ಈ ಗಣಿಗಳಲ್ಲಿ ಎಷ್ಟು ವ್ಯಾಪಕವಾಗಿತ್ತೆಂಬುದು 1940ರಿಂದ 1946ರವರೆಗಿನ ಪರೀಕ್ಷೆಗಳಿಂದ ಗೊತ್ತಾಯಿತು. ಪರೀಕ್ಷಿಸಿದ 7,653 ಕಾರ್ಮಿಕರಲ್ಲಿ ಶೇಕಡ 43.7ರಷ್ಟು ಮಂದಿಗೆ ಅದು ತಗಲಿತ್ತು. ಭಾರತದ ಸಾರ್ವಜನಿಕ ಆರೋಗ್ಯದ ಪಠ್ಯಗಳು ಇಂದಿಗೂ ಉಲ್ಲೇಖಿಸುವ ಅಂಕಿ ಇದು.

ಈ ಅಂಗಕ್ಕೆ ಪೇಟೆಯ ಭಾಷೆಗಳಲ್ಲಿನ ಹೆಸರುಗಳು ಕೈಕಾಲುಗಳ ಹೆಸರುಗಳಂತೆ ಒಂದಾಗಿಲ್ಲ. ತಮಿಳಿನಲ್ಲಿ ಶ್ವಾಸಕೋಶವು 'ನುರೈಯೀರಲ್', ನೊರೆಯಂಥ ಈರಲ್. ಪಿತ್ತಜನಕಾಂಗವು 'ಕಲ್ಲೀರಲ್', ಕಲ್ಲಿನಂಥ ಈರಲ್. ಅಂಗಗಳನ್ನು ಮುಟ್ಟಿ ನೋಡಿದವರು ಕೊಟ್ಟ ಹೆಸರುಗಳಿವು. ತೆಲುಗಿನ 'ಊಪಿರಿತಿತ್ತುಲು' ಉಸಿರಿನ ತಿದಿಗಳು. ಉರ್ದುವಿಗೆ 'ಫೇಫಡೆ' ಇದೆ. ಕನ್ನಡದಲ್ಲಿ 'ಶ್ವಾಸಕೋಶ', 'ಪುಪ್ಪುಸ' ಎಂಬ ಶಾಸ್ತ್ರದ ಪದಗಳಿವೆ. ಆಡುಮಾತಿನಲ್ಲಿ ಜನ ಹೇಳುವುದು 'ಎದೆ' ಎಂದು, ರೋಗವನ್ನು 'ದಮ್ಮು' ಎಂದು. 'ಎದೆ' ಎಂಬುದು ದೇಹದ ಮುಂಭಾಗವೂ ಹೌದು. 'ಎದೆ ಬಡಿತ' ಎಂಬಲ್ಲಿ ಹೃದಯ, 'ಎದೆಗಾರಿಕೆ' ಎಂಬಲ್ಲಿ ಧೈರ್ಯ. 'ದಮ್ಮು' ಎಂಬುದು ಏದುಸಿರಿಗೂ ಹೆಸರು, ಉಬ್ಬಸಕ್ಕೂ ಹೆಸರು. ಕನ್ನಡ ಮಾತನಾಡುವ ಕಾರ್ಮಿಕನು 'ಎದೆ ಹಿಡಿದುಕೊಳ್ಳುತ್ತದೆ, ದಮ್ಮು ಬರುತ್ತದೆ' ಎಂದರೆ ಕೇಳಿದವರು ಹೃದಯವನ್ನು ಊಹಿಸಬಹುದು, ಉಬ್ಬಸವನ್ನು ಊಹಿಸಬಹುದು, ಬೀಡಿಯನ್ನೂ ದೂರಬಹುದು. ದೂಳು ತುಂಬಿದ ಅಂಗವು ಆ ವಾಕ್ಯದಲ್ಲಿ ಹೆಸರು ಪಡೆಯುವುದಿಲ್ಲ.

ಇದು ಕನ್ನಡದ ಬಡತನವೆಂದು ನಾವು ಹೇಳುತ್ತಿಲ್ಲ. ಒಳಗಿನ ಅಂಗವನ್ನು ಹೊರಗಿನ ಭಾಗದ ಹೆಸರಿನಿಂದ ಕರೆಯುವುದು ಅನೇಕ ಭಾಷೆಗಳಲ್ಲಿ ಸಾಮಾನ್ಯ. ಸ್ಪ್ಯಾನಿಷಿನ 'ಪೇಚೊ' ಕೂಡ ಎದೆಯಂತೆಯೇ ಹಿಗ್ಗಬಲ್ಲ ಪದ. ಆದರೆ ಅಂಗನಾಮಗಳ ತುಲನೆಯಲ್ಲಿ ಒಂದು ಎಚ್ಚರ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಹೊರ ಅಂಗಗಳಲ್ಲಿ ನಾಲ್ಕು ಭಾಷೆಗಳ ಗಡಿ ಒಂದೇ ಎಂದು ಮೇಲೆ ತೋರಿಸಿದೆವು. ಒಳ ಅಂಗಗಳಲ್ಲಿ ಆ ಐಕ್ಯ ಮುರಿಯುತ್ತದೆ. ಇಲ್ಲಿ ತಮಿಳಿನಿಂದ ಕನ್ನಡಕ್ಕೆ ಬರುವಾಗಲೂ 'ನುರೈಯೀರಲ್' ಎಂಬುದು 'ಎದೆ'ಯಾಗಿ ಕಳೆದುಹೋಗಬಹುದು. ನಮ್ಮ ವಾದದ ವ್ಯಾಪ್ತಿಯನ್ನು ಈ ಮಿತಿಯೊಳಗೆ ಓದಬೇಕು.

8. ಸಮಾರೋಪ

ದ್ವಿಭಾಷಾ ಕೋಶಗಳಲ್ಲಿ ಅಂಗನಾಮಗಳ ನಮೂದುಗಳು ಸಾಮಾನ್ಯವಾಗಿ ಸಮಾನಪದಗಳ ಸಾಲುಗಳಾಗಿರುತ್ತವೆ: ಕೈ, ಹಸ್ತ, ಕರ, ಪಾಣಿ, ಬಾಹು. ಕವಿಗೆ ಇದು ಉಪಕಾರಿ. ಆಸ್ಪತ್ರೆಯಲ್ಲಿ, ನ್ಯಾಯಾಲಯದಲ್ಲಿ, ಪರಭಾಷೆಯ ತರಗತಿಯಲ್ಲಿ ಇದರಿಂದ ಸಿಗುವ ಸಹಾಯ ಅಲ್ಪ. ಮೇಲಿನ ಚರ್ಚೆಯಿಂದ ಅಂಗನಾಮದ ನಮೂದೊಂದು ಉತ್ತರಿಸಬೇಕಾದ ನಾಲ್ಕು ಪ್ರಶ್ನೆಗಳು ಹೊರಡುತ್ತವೆ. ಈ ಪದ ಯಾವ ಕೀಲಿನಿಂದ ಯಾವ ಕೀಲಿನವರೆಗೆ? ಇದು ಕೈಗೂ ಕಾಲಿಗೂ, ಮನುಷ್ಯನಿಗೂ ಪ್ರಾಣಿಗೂ ಸಲ್ಲುತ್ತದೆಯೇ? ಪ್ರತ್ಯಯವಿಲ್ಲದ ರೂಪವು ಒಂದನ್ನು ಹೇಳುತ್ತದೆಯೋ ಜೋಡಿಯನ್ನೋ? 'ಹೋಯಿತು', 'ಬಿದ್ದುಹೋಯಿತು', 'ನೋಯುತ್ತದೆ' ಎಂಬ ಕ್ರಿಯೆಗಳೊಡನೆ ಬಂದಾಗ ಅದು ಅಂಗವನ್ನು ಹೇಳುತ್ತದೆಯೋ ಅದರ ಬಳಕೆಯನ್ನೋ? ಸ್ಪ್ಯಾನಿಷಿನ 'ಮಾನೊ', 'ಬ್ರಾಸೊ', 'ದೇದೊ'ಗಳನ್ನು ಕನ್ನಡಿಗರಿಗೆ ಕಲಿಸುವ ಪಠ್ಯಕ್ಕೂ ಇವೇ ನಾಲ್ಕು ಪ್ರಶ್ನೆಗಳು ಸಾಕಾಗುತ್ತವೆ.

ಕಾಯಿದೆಯ ಹೆಸರು ಮುಂದೆ ಉದ್ಯೋಗಿಗಳ ಪರಿಹಾರ ಕಾಯಿದೆ ಎಂದು ಬದಲಾಯಿತು. ಆ ಬದಲಾವಣೆ 2010ರ ಜನವರಿ 18ರಿಂದ ಜಾರಿಗೆ ಬಂದಿತು. ಆ ಹೊತ್ತಿಗೆ ರಾಬರ್ಟ್‌ಸನ್‌ಪೇಟೆಯ ಪಕ್ಕದ ಗಣಿಗಳು ಮುಚ್ಚಿ ಸುಮಾರು ಒಂಬತ್ತು ವರ್ಷಗಳಾಗಿದ್ದವು. ಅಲ್ಲಿಂದ ಈಗ ನಸುಕಿನ ರೈಲಿನಲ್ಲಿ ಬೆಂಗಳೂರಿನ ಕಟ್ಟಡದ ಕೆಲಸಕ್ಕೂ ಕಾರ್ಖಾನೆಗಳಿಗೂ ಹೋಗುವವರ ದೇಹಗಳಿಗೆ ಅಂಥದೇ ಶೇಕಡಾವಾರು ಪಟ್ಟಿ ಅನ್ವಯಿಸುತ್ತದೆ. ಅವರ ಮಾತಿನಲ್ಲಿ ಹೆಬ್ಬೆರಳು ಇಂದಿಗೂ ಕೈಯದೂ ಹೌದು, ಕಾಲಿನದೂ ಹೌದು. ಅವರ ಹೇಳಿಕೆಯನ್ನು ಬರೆದುಕೊಳ್ಳುವವರು ಲೇಖನಿ ಎತ್ತುವ ಮೊದಲು ಯಾವುದೆಂದು, ಯಾವ ಕಡೆಯದೆಂದು, ಒಂದೋ ಎರಡೋ ಎಂದು ಕೇಳಬೇಕು. ಅವರ ಕೈಯಲ್ಲಿರಬೇಕಾದ ಪದಕೋಶವನ್ನು ಸಿದ್ಧಪಡಿಸುವ ಕೆಲಸ ಭಾಷಾವಿಜ್ಞಾನಿಗಳದು.